‘ತೆಗೀರಿ’ ಅಂದವಳು

ಒಂದು ರಾಜ್ಯ, ಆ ರಾಜ್ಯದ ರಾಜನ ಹತ್ತಿರ ಒಂದು ಪತ್ತಾಯ. ಭತ್ತ ತುಂಬಿಡೋ ಮಾಮೂಲಿ ಮರದ ಪತ್ತಾಯ ಅಲ್ಲ. ಏನೇ ಹಾಕಿ, ಎಷ್ಟೇ ವರ್ಷ ಬಿಟ್ಟು ಕೇಳಿ, ಹಾಕಿದ್ದನ್ನ ಹಾಕಿದ ಹಾಗೇ ವಾಪಸ್ ಕೊಡೋ ಪತ್ತಾಯ. ಆದರೆ ಅದರ ಬಾಯಿ ತೆರೆಯುತ್ತಿದ್ದದ್ದು ಒಂದೇ ಒಂದು ಮಾತಿಗೆ. ಆ ಮಾತು ಗೊತ್ತಿದ್ದದ್ದು ಕಾವಲಿನ ಹುಡುಗಿಗೆ ಮಾತ್ರ.

“ಆ ಮಾತನ್ನ ಕಲ್ಲಿನ ಮೇಲೆ ಕೆತ್ತಿಬಿಡು ಮಗಳೇ, ಊರವರಿಗೆ ಬೇಕಾಗುತ್ತೆ” ಅಂದ ರಾಜ.

ಹುಡುಗಿ ಕೆತ್ತೋಕೆ ಕೂತಳು. ಮೊದಲು ಒಂದು ಬಳ್ಳಿ ಕೆತ್ತಿದಳು. ಬಳ್ಳಿಗೊಂದು ಹೂವು. ಹೂವಿಗೊಂದು ದುಂಬಿ. ಮಾತೆಲ್ಲಿ ಅಂದರೆ, “ನಾಳೆ ಮಹಾಸ್ವಾಮಿ!” ಹೀಗೇ ನಾಳೆ ನಾಳೆ ಅನ್ನುತ್ತಿರುವಾಗ ಒಬ್ಬ ಬಡಪಾಯಿ ದಾರಿಹೋಕ ಪತ್ತಾಯದಲ್ಲಿಟ್ಟಿದ್ದ ತನ್ನ ಗಂಟು ಕೇಳಿಕೊಂಡು ಬಂದ. ಹುಡುಗಿ ಉಯ್ಯಾಲೆ ಮೇಲಿಂದಲೇ ಮಾತು ಕೂಗಿ ಹೇಳಿದಳು. ಅರ್ಧ ಗಾಳಿಗೆ ಹೋಯಿತು, ಅರ್ಧ ಅವನ ಕಿವಿಗೆ ಬಿತ್ತು. ಆ ಅರ್ಧವನ್ನೇ ಅವನು ಪತ್ತಾಯಕ್ಕೆ ಹೇಳಿದ. ಗಂಟು ಕಣ್ಣೆದುರೇ ಮಾಯ! ಹುಡುಗಿಗೆ ಎಷ್ಟು ನಾಚಿಕೆಯಾಯಿತು ಅಂದರೆ, ತಾನೇ ಪತ್ತಾಯದೊಳಗೆ ಇಳಿದು ಮುಚ್ಚಳ ಎಳೆದುಕೊಂಡಳು.

ಇಷ್ಟು ಹೊತ್ತಿಗೆ ಕತೆ ಹೇಳುತ್ತಿದ್ದ ಅಂಬಾಬಾಯಿ ಅಜ್ಜಿಗೆ ನಿದ್ದೆ ಬಂದುಬಿಡುತ್ತಿತ್ತು. ಕತೆಯ ಹುಡುಗಿ ಒಳಗೇ ಉಳಿಯುತ್ತಿದ್ದಳು. ಅಜ್ಜಿಯ ಸೆರಗು ಹಿಡಿದು ಮಲಗಿದ ಮೊಮ್ಮಗಳು ವಸುಧಾ, ಆ ಕತ್ತಲಲ್ಲಿ ಅವಳಿಗೆ ಉಸಿರು ಕಟ್ಟಲ್ವಾ ಅಂತ ಚಿಂತೆ ಮಾಡುತ್ತ ಮಲಗುತ್ತಿದ್ದಳು.

ಆ ಮೊಮ್ಮಗಳು ದೊಡ್ಡವಳಾಗಿ, ಸೇಲಂನ ಐದು ರೋಡು ಸರ್ಕಲ್ಲಿನ ಹತ್ತಿರ ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಒಂದು ಚಿಕ್ಕ ಕಂಪನಿಗೆ ಕೆಲಸಕ್ಕೆ ಸೇರಿದಳು. ಅವರು ಮಾಡುತ್ತಿದ್ದದ್ದು ಬ್ಯಾಕಪ್ ಸಾಫ್ಟ್‌ವೇರ್. ಕಂಪ್ಯೂಟರಿನಲ್ಲಿ ಇರೋದಕ್ಕೆಲ್ಲ ಇನ್ನೊಂದು ಪ್ರತಿ ಮಾಡಿ, ಪಕ್ಕದಲ್ಲಿಟ್ಟ ಪುಟ್ಟ ಡಿಸ್ಕಿನ ಡಬ್ಬಿಯಲ್ಲಿ ಜೋಪಾನ ಮಾಡುತ್ತಿತ್ತು ಅದು. ಹೆಸರು ‘ಪತ್ತಾಯಂ’. ಇಂಟರ್‌ವ್ಯೂನಲ್ಲಿ ಆ ಹೆಸರು ಕೇಳಿದಾಗಲೇ ವಸುಧಾಗೆ ಮೈ ಜುಂ ಅಂದಿತ್ತು.

ಅವಳಿಗೆ ಕೊಟ್ಟ ಕೆಲಸ ಏನು ಗೊತ್ತೇ? ಯೂಸರ್ ಮ್ಯಾನ್ಯುಯಲ್ ಬರೆಯೋದು.

ವಸುಧಾ ಬಳ್ಳಿ ಕೆತ್ತಿದಳು, ಹೂವು ಕೆತ್ತಿದಳು. ಮುನ್ನುಡಿಯನ್ನು ತಮಿಳಲ್ಲಿ ಎಷ್ಟು ಚೆನ್ನಾಗಿ ಬರೆದಳೆಂದರೆ ರಿಸೆಪ್ಶನಿನ ಸೆಲ್ವಿ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿದ್ದಳು. ಆದರೆ ಸಾಫ್ಟ್‌ವೇರ್ ಮಾಡುವ ಹರಿಹರನ್ ಸಾರ್ ತಿಂಗಳಿಗೊಂದು ಸಲ ಸ್ಕ್ರೀನು ಬದಲಾಯಿಸುತ್ತಿದ್ದರು. ಅವಳು ತೆರೆದು ನೋಡದೆ ನೆನಪಿನಿಂದಲೇ ಬರೆಯುತ್ತಿದ್ದಳು. ಪೊಂಗಲಿಗೆ ಬರುತ್ತೆ ಅಂದ ಹೊಸ ಮ್ಯಾನ್ಯುಯಲ್ ಚಿತ್ತಿರೈ ಹೊಸವರ್ಷಕ್ಕೂ ಬರಲಿಲ್ಲ, ಆಡಿ ಹಬ್ಬಕ್ಕೂ ಬರಲಿಲ್ಲ. ಕೊನೆಯ ಅಧ್ಯಾಯ, ‘ತಪ್ಪಿ ಅಳಿಸಿಹೋದರೆ’, ಬರೀ ತಲೆಬರಹವಾಗಿ ನಿಂತಿತ್ತು. ಮ್ಯಾನ್ಯುಯಲ್ ಯಾರು ಓದ್ತಾರೆ ಬಿಡು ಅನ್ನೋದು ಅವಳ ಗುಟ್ಟಿನ ಸಮಾಧಾನ.

ಒಬ್ಬ ಓದಿದ.

“ಪತ್ತಾಯಂ ಆಫೀಸುಂಗಳಾ?” ಅಂತ ಫೋನಿನಲ್ಲಿ ಒಂದು ಗಂಡು ದನಿ. ಸೆಲ್ವಿ ಆ ಕಾಲನ್ನು ಇವಳ ಟೇಬಲ್ಲಿಗೆ ದಾಟಿಸಿದ್ದಳು.

“ಸೊಲ್ಲುಂಗ ಸಾರ್” ಅಂದಳು ವಸುಧಾ.

“ಮೇಚೇರಿಯಿಂದ ಮಾತಾಡ್ತಿದೀನಿ. ಫೋಟೋ ಸ್ಟುಡಿಯೋ ಇಟ್ಟಿದೀನಿ” ಅಂತ ತಮಿಳಿನಲ್ಲಿ ಶುರುಮಾಡಿದ ಅವನು. “ನಿಮ್ಮ ಬುಕ್ಕಲ್ಲಿ ಹಸಿರು ಬಟನ್ ಒತ್ತಿ ಅಂತಿದೆ. ನನ್ನ ಸ್ಕ್ರೀನಲ್ಲಿ ಹಸಿರಾಗಿ ಕಾಣಿಸ್ತಿರೋದು ನನ್ನ ಶರ್ಟ್ ಒಂದೇ. ಏಳನೇ ಪುಟದಲ್ಲಿ ‘ಪರದೆಯ ಮೇಲೆ ಚಂದಿರನಂತೆ ಒಂದು ವೃತ್ತ ಮೂಡಿ, ಮೆಲ್ಲಗೆ ತುಂಬುತ್ತದೆ’ ಅಂತಿದೆ. ಕಾದೆ. ಟೀ ಕುಡಿದು ಬಂದು ಮತ್ತೆ ಕಾದೆ. ಇವತ್ತು ಅಮಾವಾಸ್ಯೆನಾ ಮೇಡಂ?”

ನಗು ಬಂತು, ಅದರ ಬೆನ್ನಿಗೇ ಕೆನ್ನೆ ಬಿಸಿಯಾಯಿತು. ಆ ಚಂದಿರ ಅವಳದೇ. ಅಷ್ಟರಲ್ಲಿ ಅವನು ಫೋನಿನಿಂದಾಚೆ ಯಾರಿಗೋ ಕೂಗಿದ: “ಇರಜ್ಜೀ, ಪೋನಲ್ಲಿದೀನಿ! ಆಮೇಲ್ ಉಣ್ತೀನಿ!”

ವಸುಧಾಳ ಬೆನ್ನು ನೆಟ್ಟಗಾಯಿತು. “ನೀವು ಕನ್ನಡದವರಾ?”

“ನೀವೂನಾ? ಅಯ್ಯೋ, ಮೊದ್ಲೇ ಏಳ್ಬಾರ್ದಾ! ತಮಿಳಲ್ಲಿ ಜಗಳ ಆಡಾಕೆ ಬೆಳಗ್ಗಿಂದ ಪ್ರಾಕ್ಟೀಸ್ ಮಾಡ್ಕಂಡಿದ್ದೆ. ಎಲ್ಲ ದಂಡ ಆಯ್ತು.”

“ಕನ್ನಡದಲ್ಲಿ ಆಡಿ, ಬೇಡ ಅಂದೋರ್ಯಾರು?”

“ಕನ್ನಡದಲ್ಲಿ ಜಗಳ ಬರಾಕಿಲ್ಲ ರೀ. ಅಜ್ಜಿ ನೆಪ್ಪಾಗ್ತಾಳೆ.”

ಸೇಲಂನಲ್ಲಿ ಕನ್ನಡ ಅನ್ನೋದು ಅವಳಿಗೆ ಮನೆಯೊಳಗಿನ ವಸ್ತು. ಅಜ್ಜಿ, ಅಡುಗೆಮನೆ, ಬೈಗುಳ, ಜ್ವರ, ಅಷ್ಟೇ. ಹೊರಗಿನವನೊಬ್ಬ ಅದೇ ಮಾತನ್ನು, ಹಕಾರಗಳನ್ನೆಲ್ಲ ದಾರಿಯಲ್ಲಿ ಉದುರಿಸಿಕೊಂಡು, ಇಷ್ಟು ಸಲೀಸಾಗಿ ಆಡುತ್ತಿದ್ದರೆ ಅವಳಿಗೆ ಆಫೀಸು ಮರೆತುಹೋಯಿತು. ಹಳೆ ಕಂಪ್ಯೂಟರ್ ಕೆಟ್ಟಿದೆ, ಹೊಸದು ತಂದಿದ್ದೇನೆ, ಪತ್ತಾಯದಲ್ಲಿ ಇರೋದನ್ನೆಲ್ಲ ಹೊಸದಕ್ಕೆ ತರಬೇಕು ಅಂದ ಅವನು.

“ಅಷ್ಟೇನಾ? ಮೊದಲು ಹಳೇ ಪ್ರತಿ ತೆಗೀರಿ” ಅಂದಳು ವಸುಧಾ.

“ತೆಗ್ದುಬಿಡ್ಲಾ?”

“ತೆಗೆದುಬಿಡಿ! ಅದೇನೋ ಕೇಳುತ್ತೆ, ಹೌದು ಅನ್ನಿ.”

“ನಿಜ್ವಾಗ್ಲೂ?”

“ಎಷ್ಟು ಹೆದರ್ತೀರಿ ನೀವು!” ಅಂತ ನಕ್ಕಳು.

ಆ ನಗು ಕೇಳಿದ ಮೇಲೆ ಅವನು ಹೆದರಲಿಲ್ಲ. ಒತ್ತಿದ. “ಆಯ್ತು. ಆಮೇಲೆ?”

“ಆಮೇಲೆ ಚಂದ್ರ ಬರ್ತಾನೆ, ಕಾಯಿರಿ.”

“ನಿಮ್ ಎಸ್ರು?”

“ಚಂದ್ರ ಬಂದ ಮೇಲೆ ಫೋನ್ ಮಾಡಿ, ಹೇಳ್ತೀನಿ” ಅಂದು ಇಟ್ಟಳು. ಸಂಜೆವರೆಗೂ ಅವಳ ಬೆರಳು ಕೀಬೋರ್ಡಿನ ಮೇಲೆ ಸುಮ್ಮಸುಮ್ಮನೆ ತಾಳ ಹಾಕುತ್ತಿತ್ತು.

ಫೋನ್ ಬರಲಿಲ್ಲ. ನಾಲ್ಕೈದು ದಿನ ಬಿಟ್ಟು ಅವನೇ ಬಂದ.

ಸೆಲ್ವಿ ಊಟಕ್ಕೆ ಹೋಗಿದ್ದಳು, ಹರಿಹರನ್ ಸಾರ್ ಈರೋಡಿಗೆ ಹೋಗಿದ್ದರು. ಮೆಟ್ಟಿಲ ತುದಿಯಲ್ಲಿ ಹಸಿರು ಶರ್ಟಿನ ಒಬ್ಬ ಉದ್ದನೆಯ ಯುವಕ, ಕೈಯಲ್ಲೊಂದು ಬಟ್ಟೆಚೀಲ ಹಿಡಿದು ನಿಂತಿದ್ದ. ಬಿಸಿಲಿಗೆ ಹದವಾದ ಮುಖ, ಕ್ಯಾಮೆರಾದವರಿಗೆ ಇರುವಂಥ ಒಂದು ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ.

“ನನ್ನ ಹೆಸರು ಮಹದೇವ. ಮೇಚೇರಿ” ಅಂದ ತಮಿಳಿನಲ್ಲಿ. “ಇಲ್ಲಿ ಕನ್ನಡ ಮಾತಾಡೋ ಒಬ್ಬರು ಇದಾರಲ್ಲ, ಅವರನ್ನ ನೋಡಬೇಕಿತ್ತು.”

ಇನ್ನೇನು ಅವಳ ಬಾಯಿಂದ ‘ನಾನೇ’ ಅನ್ನೋದು ಹೊರಟಿತ್ತು. ಅಷ್ಟರಲ್ಲಿ ಅವನು ಮುಂದುವರಿಸಿದ: “ಅವರು ಹೇಳಿದ ಹಾಗೆ ಮಾಡಿದೆ. ಪತ್ತಾಯದಲ್ಲಿ ಈಗ ಏನೂ ಇಲ್ಲ.”

ಏನಾಯಿತು ಅಂತ ಕೇಳಿದಳು. ತಮಿಳಿನಲ್ಲೇ ಕೇಳಿದಳು. ಅವನು ತಮಿಳಿನಲ್ಲೇ ಹೇಳುತ್ತ ಹೋದ. ಹೊಸ ಸ್ಕ್ರೀನಿನಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ: ಒಂದು ಕೀಲಿಕೈ, ಒಂದು ಕಸದಬುಟ್ಟಿ. “ಅವರು ‘ತೆಗೀರಿ’ ಅಂದ್ರು” ಅಂತ ಆ ಒಂದು ಮಾತನ್ನು ಮಾತ್ರ ಕನ್ನಡದಲ್ಲಿ ಹೇಳಿದ. “ತೆಗೀರಿ ಅಂದ್ರೆ ಕಸ ತೆಗೀತೀವಲ್ಲ, ಹಾಗೆ ಅಂದುಕೊಂಡೆ. ಬುಟ್ಟಿ ಒತ್ತಿದೆ.”

ಬಾಗಿಲು ತೆಗಿ ಅನ್ನೋ ‘ತೆಗೀರಿ’ ಅವಳದು. ಕಸ ತೆಗಿ ಅನ್ನೋ ‘ತೆಗೀರಿ’ ಅವನದು. ತಮಿಳಿನಲ್ಲೇ ಮಾತಾಡಿದ್ದರೆ ಈ ಎರಡಕ್ಕೂ ಬೇರೆ ಬೇರೆ ಮಾತು, ತಪ್ಪಾಗುತ್ತಲೇ ಇರಲಿಲ್ಲ. ಹತ್ತಿರದವನು ಅಂತ ಖುಷಿಪಟ್ಟು ಮನೆಮಾತಿಗೆ ಇಳಿದಳಲ್ಲ, ಅಲ್ಲೇ ಆಯಿತು ಅನಾಹುತ.

“ಏನಿತ್ತು ಒಳಗೆ? ಮದುವೆ ಫೋಟೋಗಳಾ?” ಅಂದಳು ಮೆಲ್ಲಗೆ.

“ಅವೆಲ್ಲ ಗಿರಾಕಿಗಳ ಹತ್ತಿರ ಇವೆ. ಹೋದದ್ದು ನನ್ನ ತಾತನ ದನಿ. ಕುಪ್ಪಸ್ವಾಮಿ ಅಂತ. ಕುರಿ ಕಾಯ್ತಿದ್ದ. ಕುರಿ ಕರೆಯೋದು, ಅಜ್ಜಿ ಜೊತೆ ಜಗಳ, ಕತೆ, ಎಲ್ಲ ಕನ್ನಡದಲ್ಲಿ. ನಮಗೆ ಕನ್ನಡ ಬರೆಯೋಕೆ ಬರಲ್ಲ ಮೇಡಂ, ನಾನು ಓದಿದ್ದು ತಮಿಳು. ಅದಕ್ಕೇ ಕೂರಿಸಿ ಕೂರಿಸಿ ರೆಕಾರ್ಡ್ ಮಾಡಿದ್ದೆ. ತಾತ ಹೋಗಿ ವರ್ಷ ಆಯ್ತು.” ಸ್ವಲ್ಪ ನಕ್ಕ. “ಅಜ್ಜಿ ಕರೆದರೆ ಏಳ್ತಿರಲಿಲ್ಲ. ಕೇಳಿದರೆ ಅಂತಿದ್ದ...” ಅಂತ ತಾತನ ಗೊಗ್ಗರು ದನಿಯನ್ನೇ ಮಾಡಿ ಹೇಳಿದ: “‘ಎಂಡ್ತಿ ಕೂಗುದ್ರೆ ಈ ಕಿವಿಗೆ ಕೇಳಾಕಿಲ್ಲ ಕಣ್ಲಾ. ಕುರಿ ಕೆಮ್ಮುದ್ರೆ ಕೇಳ್ತೈತೆ.’”

ಅವಳ ತುಟಿಯ ತುದಿ ಮೇಲೆ ಹೋಗಿಬಿಟ್ಟಿತು. ಚಟ್ಟನೆ ಎಳೆದು ಸರಿಮಾಡಿಕೊಂಡಳು. ಅವನು ಒಂದು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ.

“ಆ ಕನ್ನಡದವರು...?”

“ಅಂಥವರು ಇಲ್ಲಿ ಯಾರೂ ಇಲ್ಲ ಸಾರ್” ಅಂದಳು ವಸುಧಾ, ತಮಿಳಿನಲ್ಲಿ.

ತಪ್ಪಿಗಿಂತ ಈ ಸುಳ್ಳೇ ದೊಡ್ಡದು ಅಂತ ಅವಳಿಗೆ ಆಗಲೇ ಗೊತ್ತಾಯಿತು. ಆಡಿ ಬೆಳೆದ ಮಾತನ್ನೇ ನನ್ನದಲ್ಲ ಅಂದುಬಿಟ್ಟಿದ್ದಳು.

“ಸರಿಂಗ” ಅಂದ ಅವನು, ಇನ್ನೇನೂ ಕೇಳಲಿಲ್ಲ. “ಏನಾದರೂ ದಾರಿ ಇದೆಯಾ ಅಂತ ಬುಕ್ಕಲ್ಲಿ ಹುಡುಕಿದೆ. ‘ತಪ್ಪಿ ಅಳಿಸಿಹೋದರೆ’ ಅಂತ ಕೊನೇಲಿ ಇದೆ. ಅದರ ಕೆಳಗೆ ಬಿಳೀ ಹಾಳೆ.”

“ಅದು ನಾನು ಬರೆಯಬೇಕಾದದ್ದು.” ಅಷ್ಟನ್ನಾದರೂ ನಿಜ ಹೇಳಿದಳು. “ಬರೀತೀನಿ. ನಮ್ಮ ಸಾರ್ ಹತ್ತಿರ ಕೇಳಿ, ಬರೆದು, ಮೊದಲ ಪ್ರತಿ ನಿಮಗೇ ಕಳಿಸ್ತೀನಿ. ಪ್ರಾಮಿಸ್.”

ಅವಳ ಹೆಸರು, ನಂಬರು ಬರೆದುಕೊಂಡ. ಹೊರಡುವಾಗ ಬಟ್ಟೆಚೀಲವನ್ನು ಟೇಬಲ್ ಮೇಲಿಟ್ಟ. “ಹಸಿ ಕಡಲೆಕಾಯಿ, ನಮ್ಮ ಹೊಲದ್ದು. ಆ ಕನ್ನಡದವರಿಗೆ ಅಂತ ತಂದಿದ್ದೆ. ಯಾವತ್ತಾದರೂ ಸಿಕ್ಕರೆ ಕೊಟ್ಟುಬಿಡಿ.”

ಕಡಲೆಕಾಯಿಗೆ ಅಂಟಿದ ಕೆಂಪು ಮಣ್ಣು ಇನ್ನೂ ಹಸಿಯಿತ್ತು.

ಹರಿಹರನ್ ಸಾರನ್ನು ಕೇಳಬೇಕು ಅಂತ ದಿನಾ ಅಂದುಕೊಂಡಳು. ಕೇಳಿದರೆ, ಅಳಿಸಿದ್ದು ಹೇಗೆ ಅಂತ ಅವರು ಕೇಳುತ್ತಾರೆ. ಆಗ ‘ಫೋನಿನಲ್ಲಿ ಯಾರು ಹೇಳಿದ್ದು’ ಅನ್ನೋದು ಬರುತ್ತೆ. ಸಾರ್ ರೂಮಿನ ಬಾಗಿಲವರೆಗೆ ಹೋಗಿ, ನೀರು ಕುಡಿಯೋಕೆ ಬಂದವಳ ಹಾಗೆ ವಾಪಸ್ ಬರುತ್ತಿದ್ದಳು. ಕೇಳೋದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದಳು. ಮೊದಲ ಸಲ ಸಾಫ್ಟ್‌ವೇರನ್ನು ತೆರೆದಿಟ್ಟುಕೊಂಡು ಒಂದೊಂದು ಬಟನ್ ಒತ್ತಿ ನೋಡಿ ಬರೆದಳು.

ಮಹದೇವ ಸ್ಕ್ರೀನಿನ ಫೋಟೋ ತೆಗೆದು ಕಳಿಸುತ್ತಿದ್ದ. ಎಲ್ಲಿ ಮ್ಯಾನ್ಯುಯಲ್ ಒಂದು ಹೇಳುತ್ತೆ, ಎಲ್ಲಿ ಕಂಪ್ಯೂಟರ್ ಇನ್ನೊಂದು ತೋರಿಸುತ್ತೆ ಅಂತ ಕೆಂಪು ಗೆರೆ ಎಳೆದು. ಮೆಸೇಜೆಲ್ಲ ತಮಿಳಿನಲ್ಲೇ, ಫೋನೂ ತಮಿಳಿನಲ್ಲೇ.

“ಮೂರನೇ ಪುಟದ ‘ಬಲಗಡೆ’ ಎಡಗಡೆ ಇದೆ ಮೇಡಂ. ನೀವು ಕನ್ನಡಿ ನೋಡಿಕೊಂಡು ಬರೆದ್ರಾ?”

“ನಾನ್ಯಾಕೆ ಕನ್ನಡಿ ನೋಡಲಿ?”

“ನೋಡಬೇಕಾದ ಮುಖವೇ, ಅದಕ್ಕೆ ಕೇಳಿದೆ.”

ಇಂಥ ಮಾತು ಬಂದಾಗ ಫೋನ್ ಮಗುಚಿಟ್ಟು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ನೆನಪಾಗುತ್ತಿತ್ತು: ಇವನು ಮಾತಾಡುತ್ತಿರೋದು ವಸುಧಾ ಮೇಡಂ ಜೊತೆ, ಇವನು ಹುಡುಕಿಕೊಂಡು ಬಂದ ಹುಡುಗಿಯನ್ನು ನಾನು ಬಚ್ಚಿಟ್ಟಿದ್ದೇನೆ. ನಾಚಿಕೆ ಅನ್ನೋದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಅಂತ ಸೆಲ್ವಿ ಒಮ್ಮೆ ಹೇಳಿದ್ದಳು. ಮೀನು ತಿನ್ನದ ಮನೆಯ ವಸುಧಾಗೆ ಅದು ಈಗ ಅರ್ಥವಾಯಿತು.

ಒಂದು ಸಂಜೆ ಮನೆಗೆ ಬಂದಾಗ ಅಜ್ಜಿ ಕಾಲು ಚಾಚಿಕೊಂಡು ಹೂವು ಕಟ್ಟುತ್ತಿದ್ದರು.

“ಕೂಸೇ, ನಿನಗೆ ಅಂತ ಎರಡು ಹೋಳಿಗೆ ತೆಗೆದಿಟ್ಟಿದೀನಿ ನೋಡು. ನಿಮ್ಮಪ್ಪ ಕೇಳಿದ, ಕೊಡಲಿಲ್ಲ.”

ತೆಗೆದಿಟ್ಟಿದೀನಿ. ವಸುಧಾ ನಿಂತಲ್ಲೇ ನಿಂತಳು. ಬ್ಯಾಕಪ್ ಅಂದರೆ ಅದೇ ಅಲ್ಲವಾ? ಎಲ್ಲರ ಕೈಗೂ ಸಿಗದ ಹಾಗೆ, ಪ್ರೀತಿಯವರಿಗೆ ಅಂತ ಒಂದನ್ನು ಪಕ್ಕಕ್ಕೆ ಇಡೋದು. ಅದೇ ‘ತೆಗಿ’. ಅದೇ ಮಾತಿನಿಂದ ಅವಳು ಅವನ ತಾತನನ್ನು ಅಳಿಸಿಹಾಕಿದ್ದಳು. ಅಜ್ಜಿಯ ಮಡಿಲಿಗೆ ತಲೆ ಇಟ್ಟು ಅತ್ತಳು.

“ಹೋಳಿಗೆಗೆ ಯಾರಾದರೂ ಅಳ್ತಾರೇನೇ?”

“ಅಜ್ಜೀ, ಪತ್ತಾಯದೊಳಗೆ ಹೋದ ಆ ಹುಡುಗಿ ಏನಾದಳು? ನೀನು ಯಾವತ್ತೂ ಹೇಳಲೇ ಇಲ್ಲ.”

“ಏನಾಗ್ತಾಳೆ? ಒಳಗಿಂದ ತಾನೇ ಮಾತು ಹೇಳಿದಳು, ತೆರೆದುಕೊಂಡಿತು, ಹೊರಗೆ ಬಂದಳು. ಆ ಮಾತು ಗೊತ್ತಿದ್ದದ್ದು ಅವಳಿಗೊಬ್ಬಳಿಗೇ ತಾನೇ? ಹೊರಗಿನಿಂದ ಇನ್ಯಾರು ಬಂದು ತೆಗೀಬೇಕಿತ್ತು?” ಅಜ್ಜಿ ದಾರವನ್ನು ಹಲ್ಲಿನಲ್ಲಿ ಕಡಿದರು. “ಇಷ್ಟು ಓದಿದೀಯ, ಇದು ಹೊಳೀಲಿಲ್ವಾ?”

ಮಾರನೇ ಬೆಳಿಗ್ಗೆ ವಸುಧಾ ನೀರು ಕುಡಿಯುವ ನೆಪ ಮಾಡಲಿಲ್ಲ. ನೇರ ಹರಿಹರನ್ ಸಾರ್ ಮುಂದೆ ನಿಂತು, “ಅಳಿಸಿದ ಪ್ರತಿ ವಾಪಸ್ ಬರುತ್ತಾ ಸಾರ್?” ಅಂದಳು.

“ಬರುತ್ತಲ್ಲಮ್ಮ. ಕಸ್ಟಮರ್ ಹತ್ತಿರ ಇರೋ ಡಿಸ್ಕಿನಲ್ಲೇ ‘ಪರಣ್’ ಅಂತ ಒಂದು ಇಟ್ಟಿದೀನಿ, ಮನೇಲಿ ಅಟ್ಟ ಇರುತ್ತಲ್ಲ ಹಾಗೆ. ಅಳಿಸಿದ್ದು ಒಂದು ತಿಂಗಳು ಅಲ್ಲಿರುತ್ತೆ, ಆಮೇಲೆ ತಾನಾಗೇ ಹೋಗುತ್ತೆ. ಮ್ಯಾನ್ಯುಯಲ್‌ನಲ್ಲಿ ಹಾಕು ಅಂತ ನಿನಗೆ ಮೇಲ್ ಮಾಡಿದ್ದೆನಲ್ಲ, ಪೊಂಗಲ್ ಮುಂಚೆ?”

ಇತ್ತು ಆ ಮೇಲ್. ತೆರೆದೇ ನೋಡಿರಲಿಲ್ಲ.

ಮೇಚೇರಿಯ ಫೋನ್ ಬಂದದ್ದು ಯಾವತ್ತು ಅಂತ ಲೆಕ್ಕ ಹಾಕಿದಳು. ತಿಂಗಳು ಇವತ್ತು ಸಂಜೆಗೆ ಮುಗಿಯುತ್ತಿತ್ತು. ಅವನು ಬಂದ ದಿನವೇ ಕೇಳಿದ್ದರೆ ಐದು ನಿಮಿಷದ ಕೆಲಸ.

“ಯಾರ ಫೈಲಮ್ಮ? ಸೆಲ್ವಿ ಹೇಳ್ತಿದ್ದ ಆ ಮೇಚೇರಿ ಕಸ್ಟಮರ್ದಾ? ಅಳಿಸಿ ಅಂತ ಯಾವ ಬುದ್ಧಿವಂತರು ಹೇಳಿದ್ದೋ ಅವರಿಗೆ.”

“ನಾನೇ ಸಾರ್” ಅಂದಳು ವಸುಧಾ. “ನಾನೇ ಹೇಳಿದ್ದು. ಹೇಳಿ, ನಾನಲ್ಲ ಅಂದದ್ದೂ ನಾನೇ.”

ಹಿಂದಿನಿಂದ ಸೆಲ್ವಿ, “ಅಡಿಪ್ಪಾವಿ, ಅಯ್ಯೋ ಪಾಪಿ!” ಅಂತ ಕೆನ್ನೆಗೆ ಕೈ ಇಟ್ಟುಕೊಂಡಳು. ಹರಿಹರನ್ ಸಾರ್ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ಹೋಗು, ಬಸ್ ಹಿಡಿ” ಅಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಹದೇವನ ಫೋನ್ ಸಿಗಲಿಲ್ಲ. ಸಿಕ್ಕಿದ್ದರೂ, ಇನ್ನೊಂದು ಸಲ ಫೋನಿನಲ್ಲಿ ಹೇಳೋ ಧೈರ್ಯ ಅವಳಿಗಿರಲಿಲ್ಲ. ಮೇಚೇರಿಯ ಬಸ್ಸಿಡೀ ಸಂತೆಗೆ ಹೊರಟವರು. ಅವಳ ಕಾಲಿನ ಹತ್ತಿರ ಒಂದು ಆಡಿನಮರಿ ಅವಳ ದುಪಟ್ಟಾದ ಅಂಚನ್ನು ಸಮಾಧಾನವಾಗಿ ಅಗಿಯುತ್ತಿತ್ತು. ಅಗೀಲಿ ಬಿಡು ಅಂತ ಸುಮ್ಮನಿದ್ದಳು.

ಸ್ಟುಡಿಯೋ ಬಾಗಿಲಿಗೆ ಬೀಗ. ಜಗಲಿ ಮೇಲೆ ಒಬ್ಬ ಮುದುಕಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

“ಮಹದೇವ ಇಲ್ವಾ ಅಜ್ಜಿ?” ಅಂದಳು ವಸುಧಾ. ಕನ್ನಡ ತಾನಾಗೇ ಬಂದಿತ್ತು.

ಮುದುಕಿ ತಲೆ ಎತ್ತಿ ಮೇಲಿಂದ ಕೆಳಗೆ ನೋಡಿದಳು. “ಧರ್ಮಪುರಿಗೆ ಮದ್ವೆ ಪೋಟೋ ತೆಗಿಯಾಕೋಗವ್ನೆ. ತೊಪ್ಪೂರ್ ಘಾಟಿತಾವ ಲಾರಿ ನಿಂತ್ಕಂಡೈತಂತೆ, ಬತ್ತಾನೆ. ಕೂತ್ಕಮ್ಮ.” ಆಮೇಲೆ ಬಾಯಿ ತುಂಬ ನಕ್ಕಳು. “ನೀನೇನಾ ಆ ಪೋನ್ ಉಡ್ಗಿ? ಕನ್ನಡ ಬರಾಕಿಲ್ಲ ಅಂತ ಸುಳ್ ಏಳ್ದೋಳು?”

ವಸುಧಾಗೆ ಜಗಲಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. “ಅವರಿಗೆ... ಗೊತ್ತಾ?”

“ಮೊದ್ಲಿಂದ್ಲೂ ಗೊತ್ತು. ಬಂದವ್ನೇ ನಂಗೆ ಏಳ್ದ, ‘ತಾತನ ಮಾತ್ಗೆ ತಮಿಳ್ನವ್ರು ಯಾರಜ್ಜಿ ನಗ್ತಾರೆ’ ಅಂತ.”

ಮುದುಕಿಯ ಹೆಸರು ಲಕ್ಷ್ಮಕ್ಕ; ಮಹದೇವನ ಅಜ್ಜಿ, ಕುಪ್ಪಸ್ವಾಮಿಯ ಹೆಂಡತಿ. ಕರೆದರೆ ಕೇಳಿಸುತ್ತಿರಲಿಲ್ಲವಲ್ಲ, ಆ ಹೆಂಡತಿ. ವಸುಧಾ ಪಕ್ಕದಲ್ಲಿ ಕೂತು ತಲೆ ತಗ್ಗಿಸಿ ಅವರೆಕಾಯಿ ಸುಲಿಯತೊಡಗಿದಳು. ಮುದುಕಿಯ ಮುಖ ನೋಡುವ ಶಕ್ತಿ ಇರಲಿಲ್ಲ. ಬೀದಿಯ ನೆರಳು ಉದ್ದವಾಗುತ್ತ ಬಂತು.

ಬೈಕಿನ ಸದ್ದಾಯಿತು. ಮಹದೇವ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಅವಳು ಎದ್ದು ನಿಂತು ಒಂದೇ ಉಸಿರಿಗೆ ಹೇಳಿದಳು: “ನಾನೇ ಹೇಳಿದ್ದು, ತೆಗೀರಿ ಅಂತ. ನಾನೇ ಆ ಕನ್ನಡದವಳು. ತಾತನ ದನಿ ಅಟ್ಟದಲ್ಲಿದೆ, ಇವತ್ತು ಸಂಜೆವರೆಗೆ ಮಾತ್ರ. ಬೈಯೋದಿದ್ದರೆ ಆಮೇಲೆ ಬೈಯಿರಿ, ಮೊದಲು ಬೀಗ ತೆಗೀರಿ!”

ಅವನು ಅವಳನ್ನು ನೋಡಿದ. “ಯಾವ ತೆಗೀರಿ?” ಅಂದ.

“ಮಹದೇವ!”

“ತೆಗಿತೀನಿ, ತೆಗಿತೀನಿ.” ಜೇಬು ತಡಕಿ ಕೀಲಿಕೈ ಹೊರಗೆಳೆದ.

ಅಟ್ಟ ಕಂಡಿತು. ಪ್ರತಿಯೂ ಇತ್ತು. ಈ ಸಲ ಅವಳು ಬಾಯಲ್ಲಿ ಏನೂ ಹೇಳಲಿಲ್ಲ, ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದಳು. ಕೀಲಿಕೈ. ಅವನು ಒತ್ತಿದ. ಕಪ್ಪು ಪರದೆಯ ಮೇಲೆ ಒಂದು ಸಣ್ಣ ಬಿಳಿ ಗೆರೆ ಮೂಡಿತು, ಬಾಗಿತು, ದುಂಡಗಾಗುತ್ತ ಮೆಲ್ಲಗೆ ತುಂಬಿತು.

“ಏಳನೇ ಪುಟ” ಅಂತ ಪಿಸುಗುಟ್ಟಿದ ಮಹದೇವ. “ಚಂದ್ರ ಬಂದ.”

ಎಲ್ಲ ಬರಲಿಲ್ಲ. ಮೊದಮೊದಲ ಕೆಲವು ರೆಕಾರ್ಡಿಂಗುಗಳ ಮೇಲೆ ಇಷ್ಟು ದಿನದ ಹೊಸ ಪ್ರತಿಗಳು ಕೂತುಬಿಟ್ಟಿದ್ದವು. ಕುರಿ ಕರೆಯುವ ಕೂಗು ಹೋಗಿಯೇ ಹೋಗಿತ್ತು. ಆ ಖಾಲಿ ಸಾಲುಗಳನ್ನು ನೋಡುತ್ತ ವಸುಧಾ, “ನಾನು ಅವತ್ತೇ ಕೇಳಿದ್ದರೆ ಇದೂ ಸಿಗ್ತಿತ್ತು” ಅಂದಳು. ಅವನು ಇಲ್ಲ ಅನ್ನಲಿಲ್ಲ. ಉಳಿದದ್ದರಲ್ಲಿ ಒಂದನ್ನು ಒತ್ತಿದ.

ಗೊಗ್ಗರು ದನಿ ಇಡೀ ಕೋಣೆ ತುಂಬಿತು. “ಎಂಡ್ತಿ ಕೂಗುದ್ರೆ ಈ ಕಿವಿಗೆ ಕೇಳಾಕಿಲ್ಲ ಕಣ್ಲಾ...”

ಜಗಲಿಯ ಮೇಲೆ ಅವರೆಕಾಯಿಯ ಮೊರ ಮಗುಚಿದ ಸದ್ದು. ಲಕ್ಷ್ಮಕ್ಕ ಬಾಗಿಲು ಹಿಡಿದು ನಿಂತಿದ್ದಳು. “ಈಗ್ಲೂ ಅದೇ ಮಾತು ನೋಡು ಈ ಮುದ್ಕಂದು” ಅಂದಳು. ಅಂದು ಅಲ್ಲೇ ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕೊನೆವರೆಗೂ ಕೇಳಿದಳು.

ಬಹಳ ಹೊತ್ತಿನ ಮೇಲೆ ಅಜ್ಜಿ ಟೀ ಇಡಲು ಒಳಗೆ ಹೋದಳು.

“ಗೊತ್ತಿದ್ದೂ ಯಾಕೆ ಹೇಳಲಿಲ್ಲ ನೀವು?” ವಸುಧಾ ತನ್ನ ಅಗಿದ ದುಪಟ್ಟಾದ ಅಂಚನ್ನೇ ನೋಡುತ್ತಿದ್ದಳು.

“ಏಳಿದ್ರೆ ನೀವು ನಾಚ್ಕಂಡು ಪೋನ್ ಎತ್ತದೇ ಬಿಡ್ತಿದ್ರಿ.” ಅವನು ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸಿದ. “ನಂಗೂ ನಾಚ್ಕೆ ಐತೆ ವಸುಧಾ. ಕಸದಬುಟ್ಟಿ ಚಿತ್ರ ನೋಡ್ದಾಗ್ಲೇ ನಂಗೆ ಅನ್ಮಾನ ಬಂತು. ನೀವು ನಕ್ರಲ್ಲ, ‘ಎಷ್ಟು ಹೆದರ್ತೀರಿ’ ಅಂತ? ಪೆದ್ದ ಅಂದ್ಕತೀರಲ್ಲ ಅಂತ ಕೇಳ್ದೇ ಒತ್ಬುಟ್ಟೆ. ತಾತನ್ನ ಅಳ್ಸಿದ್ದು ನಿಮ್ ಮಾತಲ್ಲ, ನಿಮ್ ನಗು.”

ಅಳಬೇಕೋ ನಗಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

“ಇನ್ನೊಂದ್ ಐತೆ” ಅಂದ. “ಒಂದ್ ಮಾತು. ತಿಂಗ್ಳಿಂದ ನಿಮ್ಗೆ ಅಂತಾನೇ ತೆಗ್ದಿಟ್ಟಿದೀನಿ. ತಮಿಳಲ್ಲಿ ಏಳಾಕೆ ಮನ್ಸು ಬರ್ಲಿಲ್ಲ.”

ವಸುಧಾ ತಲೆ ಎತ್ತಿದಳು. ಒಂದು ಕಣ್ಣು ಕಿರಿದು ಮಾಡುವ ಆ ಅಭ್ಯಾಸ ಇಲ್ಲ ಈಗ; ಎರಡೂ ಕಣ್ಣು ಅಗಲವಾಗಿ ಅವಳ ಮೇಲಿದ್ದವು.

“ತೆಗೀರಿ” ಅಂದಳು ಮೆಲ್ಲಗೆ.

“ಯಾವ ತೆಗೀರಿ?”

“ಬಾಗಿಲು ತೆಗಿಯೋ ತೆಗೀರಿ.”

ಅವನು ಹೇಳಿದ. ಅವಳೂ ಹೇಳಿದಳು. ಅದನ್ನು ಇಲ್ಲಿ ಬರೆಯೋದು ಬೇಡ. ಮನೆಮಾತಿನಲ್ಲಿ, ಅಡುಗೆಮನೆಗೆ ಕೇಳಿಸದಷ್ಟು ಸಣ್ಣಗೆ ಆಡಿದ ಮಾತು ಅದು. ಒಳಗಿಂದ ಲಕ್ಷ್ಮಕ್ಕ, “ಟೀಗೆ ಸಕ್ರೆ ಬೇಕಾ, ಇಲ್ಲ ನಿಮ್ಗೆ ಅಲ್ಲೇ ಸಿಕ್ತಾ?” ಅಂತ ಕೂಗಿದಳು. ಈ ಮನೆಯಲ್ಲಿ ಕಿವಿ ಮಂದ ಇದ್ದದ್ದು ತಾತನಿಗೆ ಮಾತ್ರ.

“ಇನ್ನೊಂದು ಬಾಕಿ ಇದೆ” ಅಂತ ವಸುಧಾ ಕಣ್ಣೊರೆಸಿಕೊಂಡಳು. “ನಿಮಗೆ ಮಾತು ಕೊಟ್ಟಿದ್ದೆ.”

ಅವನು ಕುರ್ಚಿ ಬಿಟ್ಟುಕೊಟ್ಟ. ಅವನ ಹೊಸ ಕಂಪ್ಯೂಟರಿನಲ್ಲೇ ಅವಳು ಆ ತಲೆಬರಹ ತೆರೆದಳು. ತಪ್ಪಿ ಅಳಿಸಿಹೋದರೆ. ಈ ಸಲ ಬಳ್ಳಿಯಿಲ್ಲ, ಹೂವಿಲ್ಲ. ಕೀಲಿಕೈ ಎಲ್ಲಿದೆ, ಅಟ್ಟ ಎಲ್ಲಿದೆ, ಅಲ್ಲಿ ಎಷ್ಟು ದಿನ ಇರುತ್ತೆ. ಒಂದೊಂದು ಸಾಲು ಬರೆದಾಗಲೂ ಮಹದೇವ ಒತ್ತಿ ನೋಡಿ, “ಸರಿ ಐತೆ” ಅನ್ನುತ್ತಿದ್ದ. ಒಂದು ಕಡೆ “ಇಲ್ಲ, ಎಡಗಡೆ” ಅಂದ. ತಿದ್ದಿದಳು. ತಮಿಳಿನಲ್ಲಿ ಬರೆದು, ಕೆಳಗೆ ಅಜ್ಜಿ ಕಲಿಸಿದ್ದ ಕನ್ನಡ ಅಕ್ಷರಗಳಲ್ಲೂ ಬರೆದಳು. ಕನ್ನಡ ಓದಲು ಬಾರದವರಿಗೆ ಅಂತ ಅವನ ಮೈಕಿನ ಮುಂದೆ ಕೂತು, ತನ್ನದೇ ದನಿಯಲ್ಲಿ ನಿಧಾನವಾಗಿ ಓದಿದಳು. ಎಲ್ಲೂ ‘ತೆಗೀರಿ’ ಅಂತ ಬರದ ಹಾಗೆ ನೋಡಿಕೊಂಡಳು.

ಕೊನೆಯ ಸಾಲು ಬರೆಯುವಾಗ ಸ್ವಲ್ಪ ತಡೆದಳು. ಹರಿಹರನ್ ಸಾರ್ ಇದನ್ನು ಹೊಡೆದು ಹಾಕಬಹುದು. ಹಾಕಲಿ. ಬರೆದಳು:

‘ತಪ್ಪಾಗಿದ್ದರೆ ನಾಚಿಕೊಂಡು ಸುಮ್ಮನೆ ಕೂರಬೇಡಿ. ಅಟ್ಟ ಖಾಲಿಯಾಗುವ ಮುಂಚೆ ಯಾರಿಗಾದರೂ ಹೇಳಿ.’

“ಸರಿ ಐತಾ?” ಅಂತ ಕೇಳಿದಳು.

“ಸರಿ ಐತೆ” ಅಂದ ಮಹದೇವ.

ಮೊದಲ ಪ್ರತಿಯನ್ನು ಮಾತು ಕೊಟ್ಟ ಹಾಗೆ ಅವನಿಗೇ ಕಳಿಸಿದಳು. ಪಕ್ಕದಲ್ಲೇ ಇದ್ದ ಅವನ ಫೋನು ಟಿಂಗ್ ಅಂದಿತು. ಆಮೇಲೆ ಆಫೀಸಿಗೆ ಕಳಿಸಿದಳು. ಪೊಂಗಲಿಗೆ ಬರಬೇಕಿದ್ದ ಮ್ಯಾನ್ಯುಯಲ್ ಮುಗಿಯಿತು.